ಹತ್ತು ರೂಪಾಯಿ ವಿಮರ್ಶೆ

ಮೇ ತಿಂಗಳಲ್ಲಿ ಕಲಬುರಗಿಯಿಂದ ಬೀದರಿಗೆ ಬರುವುದು ಅಂದರೆ ಬಿಸಿಲಿನಿಂದ ಬಿಸಿಲಿಗೆ ಬಂದಂತೆ. ಒಂದೆರಡು ಡಿಗ್ರಿ ಕಡಿಮೆ, ಅಷ್ಟೇ. ಆದರೂ ಕಲಬುರಗಿಯವರ ಕಣ್ಣಿಗೆ ನಾವು ಊಟಿಯವರು. ಈ ಸಲ ರಜೆಗೆ ಅಣ್ಣನ ಮಗಳನ್ನು ಕರೆತರಲು ನಾನೇ ಹೋಗಿದ್ದೆ. ರೈಲು ಹತ್ತಿದವಳೇ ಚೀಲದಿಂದ ಇಟ್ಟಿಗೆಯಂಥ ಪುಸ್ತಕ ತೆಗೆದಳು. ಮುಖಪುಟದಲ್ಲಿ ಡ್ರ್ಯಾಗನ್. ಕಮಲಾಪುರದ ಕೆಂಪು ಬಾಳೆಹಣ್ಣು ಕೊಟ್ಟೆ. ಪುಟದಿಂದ ಕಣ್ಣು ತೆಗೆಯದೆ ತಿಂದಳು. ಏನು ತಿಂದೆ ಅಂದರೆ ಗೊತ್ತಿಲ್ಲ.

ಮರಗುತ್ತಿ ಹತ್ತಿರ ರೈಲು ಸುರಂಗ ಹೊಕ್ಕಿತು. ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ. 2017ರಲ್ಲಿ ಈ ದಾರಿ ಶುರುವಾದಾಗ ಇದನ್ನು ನೋಡಲೆಂದೇ ನಾವು ಸುಮ್ನೆ ಟಿಕೆಟ್ ತಗೊಂಡು ಹೋಗಿ ಬಂದಿದ್ದೆವು. "ನೋಡು, ಸುರಂಗ!" ಅಂದೆ.

"ಕಾಕಾ, ಈಗ ಮಾತಾಡಿಸಬ್ಯಾಡ. ಅವ್ರೂ ಸುರಂಗದಾಗೇ ಸಿಕ್ಕೊಂಡಾರ."

ಅವರು ಅಂದರೆ ಯಾರು ಅಂತ ಕೇಳಿದ್ದು ನನ್ನ ತಪ್ಪು. ಓದುವ ಮಕ್ಕಳಿಂದ ಮನೆಗೆ ತೊಂದರೆಯಿಲ್ಲ. ಓದಿದ್ದನ್ನು ಹೇಳುವ ಮಕ್ಕಳದ್ದೇ ಕಷ್ಟ. ಅವಳ ಕಥೆ ನಡುವಿನಿಂದ ಶುರುವಾಗುತ್ತದೆ. "ಅಲ್ಲಲ್ಲ, ಅದಕ್ಕೂ ಮೊದ್ಲು ಒಂದು ಹೇಳೋದು ಮರ್ತೆ" ಅಂತ ಹಿಂದಕ್ಕೆ ಹೋಗುತ್ತದೆ. ಹೆಸರುಗಳೋ, ಬಿಸಿ ಬಜ್ಜಿ ಬಾಯಲ್ಲಿಟ್ಟುಕೊಂಡು ಯಾರನ್ನೋ ಕೂಗಿದಂತೆ. ನಾನು ಎರಡು ದಿನ ರಾಜ ಅಂದುಕೊಂಡಿದ್ದವನು ಕೊನೆಗೆ ನೋಡಿದರೆ ಕುದುರೆ. ಆ ಕುದುರೆ ಸತ್ತ ಭಾಗ ಹೇಳುವಾಗ ಅವಳ ಕಣ್ಣು ತುಂಬಿತ್ತು. ನಾನು "ಹಂಗಾದ್ರ ಪಟ್ಟ ಯಾರಿಗೆ?" ಅಂದುಬಿಟ್ಟೆ. ಅರ್ಧ ದಿನ ಮಾತು ಬಿಟ್ಟಳು.

ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದ ನಮ್ಮವ್ವ ಒಂದೇ ಪ್ರಶ್ನೆ ಕೇಳಿದಳು. "ಆ ದುಷ್ಟ ಜೀವ ಎಲ್ಲಿಟ್ಟಾನ?"

ಹುಡುಗಿ ಬೆಪ್ಪಾದಳು. "ಕಪ್ಪು ಹರಳಿನಾಗ! ಆಯಿ, ನಿನಗ ಹೆಂಗ ಗೊತ್ತಾಯ್ತು?"

"ನಮ್ಮ ಕಾಲದಾಗ ಗಿಳಿಯೊಳಗ ಇಡ್ತಿದ್ರು," ಅಂದು ಅವ್ವ ರೊಟ್ಟಿ ತಿರುವಿ ಹಾಕಿದಳು.

ರಾಜಿಗೆಂದು ನಾನು ಅವಳಿಗೆ ಲಂಡನ್ನಿನ ಒಬ್ಬ ಹುಡುಗನ ವಿಷಯ ಹೇಳಿದೆ. ಅವನಪ್ಪ ಸ್ಟ್ಯಾನ್ಲಿ ಅನ್ವಿನ್ ಪ್ರಕಾಶಕ. ಮಕ್ಕಳ ಪುಸ್ತಕ ಹೇಗಿದೆ ಅಂತ ಮಕ್ಕಳೇ ಹೇಳಬೇಕು ಅನ್ನುವವನು. 1936ರಲ್ಲಿ ಟೋಲ್ಕಿನ್ ಅನ್ನುವ ಪ್ರೊಫೆಸರ್ ಬರೆದ ಹಸ್ತಪ್ರತಿಯನ್ನು ಹತ್ತು ವರ್ಷದ ಮಗ ರೇನರ್ ಕೈಗೆ ಕೊಟ್ಟ. ಓದಿ ಅಭಿಪ್ರಾಯ ಬರೆದರೆ ಕೂಲಿ ಒಂದು ಶಿಲ್ಲಿಂಗ್. ನಕಾಶೆ ಇದ್ದರೆ ಸಾಕು, ಚಿತ್ರ ಬೇಕಿಲ್ಲ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತದೆ ಅಂತ ಬರೆದುಕೊಟ್ಟ ಹುಡುಗ. ತನ್ನ ವಯಸ್ಸನ್ನು ಮಾತ್ರ ಹೊರಗಿಟ್ಟ, ಮಹಾ ಜಾಣ! ಮರುವರ್ಷ ಸೆಪ್ಟೆಂಬರಿನಲ್ಲಿ 'ದಿ ಹಾಬಿಟ್' ಅಚ್ಚಾಗಿ ಬಂತು.

ನಮ್ಮವಳಿಗೂ ಹತ್ತೇ ವರ್ಷ. ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ. "ಒಂದು ಶಿಲ್ಲಿಂಗ್ ಅಂದ್ರ ಎಷ್ಟು?" ಲೆಕ್ಕ ಹಾಕದೆ ಹತ್ತು ರೂಪಾಯಿ ಅಂದೆ.

ನಕಾಶೆಯ ವಿಷಯದಲ್ಲಿ ಅವಳೂ ರೇನರನ ಪಕ್ಷ. ಪುಸ್ತಕದ ಮೊದಲ ಹಾಳೆಯ ನಕಾಶೆ ಬೆರಳಾಡಿಸಿ ಆಡಿಸಿ ಮಾಸಿಹೋಗಿದೆ. ಈಗ ಡ್ರಾಯಿಂಗ್ ಹಾಳೆಯಲ್ಲಿ ಬೀದರಿನ ನಕಾಶೆ ಶುರುವಾಯಿತು. ಬಂಡೆ ಕೊರೆದು ಮಾಡಿದ ಕೋಟೆಯ ಮೂರು ಸಾಲು ಕಂದಕವನ್ನು ಅವಳು ಬದಲಿಸಲೇ ಇಲ್ಲ, ಇದ್ದ ಹಾಗೇ ಚೆನ್ನಾಗಿದೆಯಂತೆ. ನೌಬಾದಿನ ಕರೇಜ್ ತೋರಿಸಿದೆ. ಬಹಮನಿಯವರ ಕಾಲದಲ್ಲಿ ಇರಾನಿನ ವಿದ್ಯೆ ತಂದು ನೆಲದಡಿ ಕೊರೆದ ನೀರಿನ ದಾರಿ ಅದು. ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ತೂತುಗಳು. ಬಗ್ಗಿ ನೋಡಿ 'ಕುಳ್ಳರ ಊರು' ಅಂತ ಬರೆದುಕೊಂಡಳು. 1472ರ ಮಹಮೂದ್ ಗಾವಾನನ ಮದರಸಾ ಮಂತ್ರವಾದಿಯ ಶಾಲೆಯಾಯಿತು. ಎದುರಿಗೆ ಒಂದೇ ಮಿನಾರು ಉಳಿದಿದೆಯಲ್ಲ, ಇನ್ನೊಂದನ್ನು ಡ್ರ್ಯಾಗನ್ ಬೀಳಿಸಿತಂತೆ. ಇಲ್ಲಮ್ಮ, ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಬಿತ್ತು ಅಂದೆ.

"ಬೆಂಕಿ ಅಂತೂ ಹೌದಲ್ಲ?"

ಹೌದು. ನಕಾಶೆಯಲ್ಲಿ ಡ್ರ್ಯಾಗನ್ ಉಳಿಯಿತು.

ನರಸಿಂಹ ಝರಣಿಗೆ ಹೋಗುವ ದಿನ ಪುಸ್ತಕ ಮನೆಯಲ್ಲೇ ಬಿಟ್ಟು ಬರಬೇಕಾಯಿತು. ಸುಮಾರು 300 ಮೀಟರ್ ಗವಿಯೊಳಗೆ ನೀರಿನಲ್ಲೇ ನಡೆದು ದೇವರನ್ನು ಕಾಣಬೇಕು. ನನಗೆ ಎದೆಮಟ್ಟ, ಅವಳಿಗೆ ಕುತ್ತಿಗೆಮಟ್ಟ. ಮೇಲೆ ಬಾವಲಿಗಳು. ಹಿಂದಿನಿಂದ ನನ್ನ ಹೆಗಲಿಗೆ ಜೋತುಬಿದ್ದಳು. ಭಯಕ್ಕೆ ಬಾಯಿ ಮುಚ್ಚೀತು ಅಂದುಕೊಂಡೆ. ಎಲ್ಲಿ? ಬೇತಾಳದ ಹಾಗೆ ಅಲ್ಲಿಂದಲೇ ಹದಿನೇಳನೇ ಅಧ್ಯಾಯ ಶುರು ಮಾಡಿದಳು. ತಡೆಯಲಾರದೆ ನಾನೇ ಸ್ಥಳಪುರಾಣ ತೆಗೆದೆ. ಇಲ್ಲಿ ಝರಾಸುರ ಅಂತ ಒಬ್ಬ ರಾಕ್ಷಸನಿದ್ದ, ನರಸಿಂಹ ಅವನನ್ನು ಕೊಂದ, ಸತ್ತವನು ನೀರಾಗಿ ದೇವರ ಕಾಲಡಿಯಿಂದ ಹರಿಯತೊಡಗಿದ.

"ಅಂದ್ರ ನಾವೀಗ ರಾಕ್ಷಸನೊಳಗೇ ನಡೀಲತ್ತೀವಾ?"

ಹೂಂ ಅಂದೆ. ಹೊರಗೆ ಬರುವ ತನಕ ಉಸಿರಿಲ್ಲ.

ಹೊರಡುವ ದಿನ ವಿಮರ್ಶೆ ಕೈಗೆ ಬಂತು. ನೋಟ್‌ಬುಕ್ಕಿನ ಅರ್ಧ ಹಾಳೆ. 'ಪುಸ್ತಕ ಭಾಳ ಚೆಂದ ಅದ. ಕುದುರೆ ಸಾಯಬಾರದಿತ್ತು. ರಾಕ್ಷಸ ನೀರಾಗೋದು ಇದರಾಗ ಇಲ್ಲ, ಇರಬೇಕಿತ್ತು. ಒಂಬತ್ತು ವರ್ಷದವರೆಗಿನ ಮಕ್ಕಳು ಓದಬಹುದು. ಕಾಕಾನೂ ಓದಬಹುದು, ಆದ್ರ ಹೆಸರು ಬರಕೊಂಡು ಓದಬೇಕು.'

ಹತ್ತು ರೂಪಾಯಿ ಕೊಟ್ಟೆ. ಎರಡನೇ ಭಾಗಕ್ಕೆ ಇಪ್ಪತ್ತಂತೆ. ಅದು ಇದಕ್ಕಿಂತ ಜಾಸ್ತಿ ದಪ್ಪ.