ಪಂದಿಕರಿ ಪರೀಕ್ಷೆಗೆ ಜೀವಂತ ಕೋಶ: ಕೊಡಗಿಗೆ ಬೇಕಾ?

ಪರ

ಮದುವೆ ಊಟ ಮುಗಿದ ನಾಲ್ಕನೇ ದಿನ ಲ್ಯಾಬ್ ವರದಿ ಬಂದರೆ ಏನು ಬಂತು? ಅಷ್ಟೊತ್ತಿಗೆ ಪಂದಿಕರಿ (ನಮ್ಮ ಹಂದಿಮಾಂಸದ ಸಾರು) ಕರಗಿ, ಅದರ ಜೊತೆಗಿನ ಅಕ್ಕಿ ಕಡಂಬುಟ್ಟು ಖಾಲಿಯಾಗಿ, ನೆಂಟರು ಊರು ಸೇರಿರುತ್ತಾರೆ. ಆಹಾರದಿಂದ ಕಾಯಿಲೆ ತರುವ ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಬ್ಯಾಕ್ಟೀರಿಯಾ ಹುಡುಕುವ ಹಳೇ ವಿಧಾನವೇ ಹಾಗೆ. ತಟ್ಟೆಯಲ್ಲಿ ಬೆಳೆಸಿ ದಿನಗಟ್ಟಲೆ ಕಾಯಬೇಕು.

ಜೀವಕೋಶದ ಸೆನ್ಸರ್, ಅಂದರೆ ಜೀವಂತ ಕೋಶವನ್ನೇ ವಿಷ ಪತ್ತೆಗೆ ಬಳಸುವ ಸಾಧನ, ಹಾಗೆ ಕಾಯಿಸುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಅರುಣ್ ಭುನಿಯಾ ಅವರ ತಂಡ ಇಲಿಯ ಕೋಶಗಳನ್ನು ಕೊಲಾಜೆನ್ ಜೆಲ್‌ನಲ್ಲಿ ಹುದುಗಿಸಿಟ್ಟಿತು. ಲಿಸ್ಟೀರಿಯಾದ ವಿಷ ತಾಗಿದರೆ ಕೋಶದ ಪೊರೆ ತೂತಾಗುತ್ತದೆ. ಒಳಗಿನ ಎಂಜೈಮ್ ಹೊರಗೆ ಸೋರುತ್ತದೆ, ದ್ರವದ ಬಣ್ಣ ಬದಲಾಗುತ್ತದೆ. ಕೆಲವೇ ಗಂಟೆಯ ಕೆಲಸ.

ನನಗೆ ಹಿಡಿಸಿದ್ದು ಇನ್ನೊಂದು. ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿದು ಗಾಬರಿ ಹುಟ್ಟಿಸಬಹುದು. ಚೆನ್ನಾಗಿ ಬೆಂದ ಮಾಂಸದಲ್ಲಿ ಸತ್ತವುಗಳ ಲೆಕ್ಕ ಯಾರಿಗೆ ಬೇಕು? ಕಚ್ಚುವ ಹಾವು ಯಾವುದು ಅಂತ ಗೊತ್ತಾದರೆ ಸಾಕು. ಈ ಕೋಶ ಹೇಳುವುದು ಅದನ್ನೇ.

ವಿರೋಧ

ಜುಲೈನಲ್ಲಿ ಒಮ್ಮೆ ಬನ್ನಿ. ಕಳೆದ ಮಳೆಗಾಲ ನಮ್ಮ ಹೋಂಸ್ಟೇಗೆ ಎರಡು ದಿನ ಕರೆಂಟ್ ಇರಲಿಲ್ಲ. ಮೂರನೇ ಬೆಳಿಗ್ಗೆ ನೋಡಿದರೆ ಫ್ರೀಜರ್ ಬಾಗಿಲ ಸಂದಿಯಿಂದ ಗುಲಾಬಿ ಬಣ್ಣದ ನೀರು ಇಳಿದು ನೆಲದಲ್ಲಿ ಅಂಟುತ್ತಿತ್ತು. ಅಷ್ಟೂ ಹಂದಿಮಾಂಸ ಹೂತು ಹಾಕಿದೆವು. ಇನ್ನು ಆ ಕೋಶಗಳಿಗೆ 37 ಡಿಗ್ರಿ ಶಾಖ ಬೇಕು, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಬೇಕು, ಆಗಾಗ ತಾಜಾ ಪೋಷಕ ದ್ರವ ಬೇಕು. ಕೊಡಗಿನ ಮಳೆಯಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ. ಕೋಶ ಸಾಕುವ ಬಾಟಲಿಯನ್ನು ಬಿಟ್ಟೀತಾ?

ಮತ್ತೆ, ಕೋಶ ಸತ್ತಿದ್ದು ಲಿಸ್ಟೀರಿಯಾದಿಂದ ಅಂತ ಹೇಗೆ ಹೇಳ್ತೀರಿ? ಪಂದಿಕರಿಗೆ ಹಾಕುವ ಕಾಚಂಪುಳಿಯ ಹುಳಿಯೊಂದೇ ಸಾಕು ಕೋಶವನ್ನು ಸಾಯಿಸಲು. ಹಾಗಾಗಿ ಮೊದಲು ಸಾರು, ಕೊಬ್ಬಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಬೇಕು. ಸಾಲ್ಮೊನೆಲ್ಲಾ 25 ಗ್ರಾಂ ಆಹಾರದಲ್ಲಿ ಒಂದೂ ಇರಬಾರದು ಎನ್ನುವುದು ಸಾಮಾನ್ಯ ಅಳತೆ. ಅಷ್ಟು ಕಮ್ಮಿ ಇದ್ದರೆ ಮೊದಲು ಬೆಳೆಸಿ ಹೆಚ್ಚು ಮಾಡಲೇಬೇಕು. 'ಕೆಲವೇ ಗಂಟೆ' ಅಂದಿರಲ್ಲ, ಅದು ಅಲ್ಲಿಗೇ ಜಾರಿತು.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ಕಡೆ ಈ ಸೆನ್ಸರ್ ಇರಲಿ, ಬೇಡ ಅನ್ನಲ್ಲ. ಅಲ್ಲಿ ಕೋಶ ಸಾಕುವ ಜನ ಇದ್ದಾರೆ. ನಮಗೆ ಬೇಕಾದ್ದು ಬೇರೆ: ನಮ್ಮ ಅಡುಗೆಮನೆಯಲ್ಲಿ ಹಸಿ ಮಾಂಸ ಹೆಚ್ಚುವ ಹಲಗೆಗೆ ಈಗ ಕೆಂಪು ದಾರ ಕಟ್ಟಿದೆ, ಸೊಪ್ಪು ಹೆಚ್ಚಲು ಬೇರೆ ಹಲಗೆ. ಇನ್ವರ್ಟರ್ ಕೂಡ ಬಂತು. ಕಂತು ಇನ್ನೂ ಆರು ತಿಂಗಳಿದೆ.