ಕಳೆದುಕೊಂಡಿದ್ದನ್ನೂ ಲೆಕ್ಕಕ್ಕೆ ಹಿಡಿಯುವುದು ಯಾವ ನ್ಯಾಯ?

1,34,000 ಸೋಲ್ಸ್. ಡಾರ್ಕ್ ಸೋಲ್ಸ್ 2 ಅನ್ನೋ ವಿಡಿಯೋ ಗೇಮ್‌ನಲ್ಲಿ ಶತ್ರುಗಳನ್ನು ಕೊಂದು ಗಳಿಸುವ, ಲೆವೆಲ್ ಏರಿಸಲು ಖರ್ಚು ಮಾಡುವ ದುಡ್ಡು ಅದು. ಮೂರು ರಾತ್ರಿ ಕೂತು ಕೂಡಿಸಿದ್ದು. ಹತ್ತೇ ನಿಮಿಷದಲ್ಲಿ ಹೋಯಿತು. ಹೋಗಿದ್ದಕ್ಕೂ ಇಷ್ಟು ಸಿಟ್ಟಿಲ್ಲ. ಹೋಗಿದ್ದೆಲ್ಲ ಇನ್ನೂ ನನ್ನ ಹತ್ತಿರವೇ ಇದೆ ಅಂತ ಈ ಆಟ ಲೆಕ್ಕ ಇಟ್ಟುಕೊಳ್ಳುತ್ತದಲ್ಲ, ಅದಕ್ಕೆ ಸಿಟ್ಟು. ರಾತ್ರಿ ಒಂದೂವರೆ ಆಗಿದೆ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಆದರೂ ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ಐರನ್ ಕೀಪ್. ಆ ಆಟದ ಬೆಂಕಿ ತುಂಬಿದ ಕೋಟೆ. ಅಲ್ಲಿ ಸ್ಮೆಲ್ಟರ್ ಡೀಮನ್ ಅನ್ನೋ ದೊಡ್ಡ ರಾಕ್ಷಸನ ಹತ್ತಿರ ಹೋಗುವ ದಾರಿ. ಡಾರ್ಕ್ ಸೋಲ್ಸ್ 2 ಆಡಿದವರಿಗೆ ಇಷ್ಟು ಹೇಳಿದರೆ ಸಾಕು. ಅದರಲ್ಲೂ ಸ್ಕಾಲರ್, ಅಂದರೆ ಅದೇ ಆಟವನ್ನು ಬದಲಾಯಿಸಿ ಮತ್ತೆ ತಂದದ್ದು, ಆಡಿದವರಿಗೆ ಇಷ್ಟೂ ಬೇಡ. ದಾರಿ ಕಾಯುವ ಕತ್ತಿಯ ಯೋಧರು ಅಲೋನ್ ನೈಟ್‌ಗಳು, ಅವರಲ್ಲಿ ಒಬ್ಬ ನೋಡಿದರೆ ಹಿಂದೆ ಇನ್ನಿಬ್ಬರು ಓಡಿ ಬರುತ್ತಾರೆ. ದೂರದಿಂದ ಬಾಣ ಬೇರೆ. ಅವರನ್ನು ಮತ್ತೆ ಮತ್ತೆ ಕೊಂದರೆ ಕೊನೆಗೆ ಬರುವುದೇ ಇಲ್ಲ, ಅದನ್ನೇ ಮೂರು ದಿನದಿಂದ ಮಾಡುತ್ತಿದ್ದೆ. ದಾರಿ ಖಾಲಿ ಆಗುತ್ತಾ ಬಂದಿತ್ತು. ಇವತ್ತು ಡೀಮನ್ ಸಾಯಬೇಕಿತ್ತು.

ಅಕ್ಕನ ಮಗ ರಜೆಗೆ ಬಂದಿದ್ದಾನೆ. ಅವನಿಗೆ 11 ವರ್ಷ. "ಇವತ್ತು ದೊಡ್ಡವನನ್ನ ಹೊಡೀತೀನಿ, ಬಾ ನೋಡು" ಅಂತ ನಾನೇ ಕರೆದೆ. ನಾನೇ. ಅವನು ಮಂಡಕ್ಕಿ ಬಟ್ಟಲು ತಂದು ಪಕ್ಕದಲ್ಲಿ ಕೂತ.

ಆಗ ಕೆಂಪು ಅಕ್ಷರ ಬಂತು. ಇಂಟರ್ನೆಟ್‌ನಲ್ಲಿ ಆಡುತ್ತಿರುವ ಇನ್ಯಾರೋ ಆಟಗಾರ ನನ್ನ ಲೋಕಕ್ಕೆ ನುಗ್ಗಿದ್ದಾನೆ, ನನ್ನನ್ನು ಕೊಲ್ಲಲು.

ಹೇಳಲೇಬೇಕಾದ ಒಂದು ಮಾತಿದೆ. ನಾನು ಆಗ ಹಾಲೋ ಆಗಿದ್ದೆ, ಅಂದರೆ ಸತ್ತು ಮನುಷ್ಯರೂಪ ಕಳೆದುಕೊಂಡಿದ್ದೆ. ಸತ್ತೂ ಸತ್ತೂ ನನ್ನ ಪ್ರಾಣದ ಪಟ್ಟಿ ಅರ್ಧಕ್ಕೆ ಇಳಿದಿತ್ತು. ಅದನ್ನು ಮತ್ತೆ ತುಂಬಿಸುವ ಹ್ಯೂಮನ್ ಎಫಿಜಿ ಒಂದೂ ಉಳಿದಿರಲಿಲ್ಲ. ಮೊದಲನೇ ಡಾರ್ಕ್ ಸೋಲ್ಸ್‌ನಲ್ಲಿ ಹಾಲೋ ಆಗಿದ್ದರೆ ಯಾರೂ ನುಗ್ಗುವಂತಿರಲಿಲ್ಲ. ಸೋತವನನ್ನು ಅಷ್ಟಾದರೂ ಸುಮ್ಮನೆ ಬಿಡುತ್ತಿದ್ದರು. ಇಲ್ಲಿ ಅದೂ ಇಲ್ಲ. ಅರ್ಧ ಪ್ರಾಣದಲ್ಲಿದ್ದವನ ಮೇಲೂ ಬರಬಹುದು. ಬಂದ.

ಬಂದವನು ಬಗ್ಗಿ ನಮಸ್ಕಾರ ಮಾಡಿದ. ನಾನೂ ಮಾಡಿದೆ. ಮರ್ಯಾದಸ್ಥ ಅಂದುಕೊಂಡೆ. ಅವನ ಬಲಗೈಯಲ್ಲಿ ರೇಪಿಯರ್, ಅಂದರೆ ಚುಚ್ಚುವ ತೆಳು ಕತ್ತಿ, ಆಟದಲ್ಲಿ ಸಿಗುವ ರಿಕಾರ್ಡ್‌ನ ರೇಪಿಯರ್ ಇರಬೇಕು. ಎಡಗೈಯಲ್ಲಿ ಬಾಗಿದ ಒಂದು ಸಣ್ಣ ಕತ್ತಿ. ಅದು ಪ್ಯಾರಿಗೆ, ಅಂದರೆ ಎದುರಿನವನ ಏಟನ್ನು ಸರಿಯಾದ ಕ್ಷಣಕ್ಕೆ ತಟ್ಟಿ ಹಾಕಲು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬೀಸಿದೆ. ಅವನು ತಟ್ಟಿದ. ನಾನು ಹಿಂದಕ್ಕೆ ಬಿದ್ದೆ.

ಈ ಆಟದಲ್ಲಿ ಪ್ಯಾರಿ ಆದರೆ ಹಾಗೇ ನೆಲಕ್ಕೆ ಬೀಳುತ್ತೀರಿ. ಎದುರಿನವನು ನಿಧಾನವಾಗಿ ಬಂದು ಚುಚ್ಚಬಹುದು. ನಾನು ಕಾಯುತ್ತಾ ಕೂತೆ. ಅವನು ಚುಚ್ಚಲಿಲ್ಲ. ಸುಮ್ನೆ ನಿಂತಿದ್ದ. ನಾನು ಎದ್ದೆ. ಎರಡನೇ ಸಲ ಸ್ವಲ್ಪ ತಡೆದು ಬೀಸಿದೆ. ಮತ್ತೆ ತಟ್ಟಿದ. ಮತ್ತೆ ಬಿದ್ದೆ. ಮತ್ತೆ ಸುಮ್ಮನೆ ನಿಂತ. ಮೂರನೇ ಸಲ ಓಡಿ ಬಂದು ಹೊಡೆದೆ. ಅದನ್ನೂ ತಟ್ಟಿದ! ಓಡಿ ಬರುವ ಏಟನ್ನು!

ಲ್ಯಾಗ್, ಅಂದರೆ ಇಂಟರ್ನೆಟ್ ತಡವಾಗಿದ್ದು ಅನ್ನೋಣ ಅಂದರೆ ಲ್ಯಾಗ್ ಇರಲಿಲ್ಲ. ಇಬ್ಬರ ಮನೆಯ ಇಂಟರ್ನೆಟ್ ನೇರವಾಗಿ ಒಂದಕ್ಕೊಂದು ಮಾತಾಡುವ ಆಟ ಇದು. ಎಷ್ಟೋ ಸಲ ಎದುರಿಗಿದ್ದವನು ಗಾಳಿಯಲ್ಲಿ ಹಾರಿ ಬಂದು ಬೆನ್ನಿಗೆ ಚುಚ್ಚಿದ್ದಾನೆ, ಆಗೆಲ್ಲ ಲ್ಯಾಗ್‌ಗೆ ಬೈದು ಮಲಗಿದ್ದೇನೆ. ಇವತ್ತು ಆ ಸಮಾಧಾನವೂ ಇಲ್ಲ. ಎಲ್ಲ ನೀರಿನ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ನಾಲ್ಕನೇ ಸಲ ಬಿದ್ದು ಎದ್ದಾಗ ಅವನು ಎರಡು ಹೆಜ್ಜೆ ಹಿಂದೆ ಹೋದ. ನೆಲದ ಮೇಲೆ ಏನೋ ಹೊಳೆಯಿತು. ಅವನು ಏನನ್ನೋ ಕೆಳಗೆ ಹಾಕಿದ್ದ. ನನಗೆ ಅಂತ. ಕೈ ತೋರಿಸಿದ. ತಗೋ ಅಂತ.

"ಮಾಮ, ತಗೊ. ಪಾಪ ಅಂತ ಕೊಡ್ತಿದಾನೆ" ಅಂದ ಹುಡುಗ.

ನಾನು ತಗೊಂಡೆ.

ಇದನ್ನೇ ನನಗೆ ಮರೆಯಲು ಆಗುತ್ತಿಲ್ಲ. ನಾಲ್ಕು ಪ್ಯಾರಿ ಮರೆಯುತ್ತೇನೆ. ಸೋಲ್ಸ್ ಮರೆಯುತ್ತೇನೆ. ನಾನು ಬಗ್ಗಿ ಅದನ್ನು ಎತ್ತಿಕೊಂಡೆನಲ್ಲ, ಅದು ಹೋಗುತ್ತಿಲ್ಲ. ಒಂದು ಲೈಫ್‌ಜೆಮ್, ಪ್ರಾಣ ತುಂಬಿಸುವ ಕಲ್ಲು. ಅಂಗಡಿಯಲ್ಲಿ ಸಿಗುವ, ಎಲ್ಲರ ಹತ್ತಿರವೂ ಇರುವ ಲೈಫ್‌ಜೆಮ್. ಪರವಾಗಿಲ್ಲ, ಒಳ್ಳೆಯವನೇ ಇರಬೇಕು ಅಂತ ಆ ಒಂದು ಕ್ಷಣ ನಿಜವಾಗಿ ಅಂದುಕೊಂಡೆ. ಅದನ್ನು ಬಳಸಲು ಒತ್ತಿದೆ. ಲೈಫ್‌ಜೆಮ್ ಬಳಸುವಾಗ ನಡೆಯಬಹುದು, ಓಡಲು ಆಗುವುದಿಲ್ಲ. ಅಷ್ಟರಲ್ಲಿ ಅವನು ಹಿಂದೆ ಬಂದಿದ್ದ. ಬೆನ್ನಿಗೆ ಒಂದೇ ಚುಚ್ಚು. ನನ್ನ ಅರ್ಧ ಪ್ರಾಣಕ್ಕೆ ಒಂದು ಚುಚ್ಚು ಜಾಸ್ತಿಯೇ ಆಯಿತು.

ಹುಡುಗ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿದ. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತುಂಬಾ ಸಮಾಧಾನವಾಗಿ ಕೇಳಿದ. "ಮಾಮ, ಅವ್ನು ಅಷ್ಟು ಚೆನ್ನಾಗಿ ಆಡ್ತಾನಲ್ಲ, ಅವ್ನನ್ನ ಯಾಕೆ ನಿನ್ ಜೊತೆ ಹಾಕಿದಾರೆ?"

ಹೇಳಿ. ಯಾರಾದರೂ ಹೇಳಿ. ನನಗೆ ಬರಲಿಲ್ಲ ಉತ್ತರ.

ಅಂದರೆ ಉತ್ತರ ಗೊತ್ತಿದೆ, ಹೇಳಲು ನಾಚಿಕೆ ಆಯಿತು. ಸೋಲ್ ಮೆಮೊರಿ. ಆಟದ ಶುರುವಿನಿಂದ ನೀವು ಗಳಿಸಿದ ಸೋಲ್ಸ್ ಎಲ್ಲದರ ಒಟ್ಟು ಲೆಕ್ಕ. ಖರ್ಚು ಮಾಡಿದ್ದು, ಉಳಿದದ್ದು, ಎಲ್ಲ. ಕಳೆದುಕೊಂಡಿದ್ದೂ ಸೇರಿ! ಆ ಅಂಕಿ ಏರುತ್ತದೆ, ಇಳಿಯುವುದೇ ಇಲ್ಲ. ಯಾರ ಎದುರು ಯಾರು ಅಂತ ಅದನ್ನು ನೋಡಿಯೇ ಹಾಕುತ್ತಾರೆ. ನಿಮ್ಮ ಲೆವೆಲ್ ನೋಡುವುದಿಲ್ಲ. ನಿಮ್ಮ ಕತ್ತಿ ನೋಡುವುದಿಲ್ಲ.

ನನ್ನ ಲೆವೆಲ್ 94. ನನ್ನ ಸೋಲ್ ಮೆಮೊರಿ 22 ಲಕ್ಷ ದಾಟಿದೆ. ನೆಟ್ಟಗೆ ಆಡಿದವನು ಇಷ್ಟು ಗಳಿಸುವ ಹೊತ್ತಿಗೆ ನನಗಿಂತ ಎಷ್ಟೋ ಲೆವೆಲ್ ಮೇಲಿರುತ್ತಾನೆ. ನಡುವಿನದ್ದೆಲ್ಲ ಎಲ್ಲಿ ಹೋಯಿತು? ಬಾವಿಗೆ ಬಿದ್ದು ಹೋಯಿತು, ಬೆಂಕಿಗೆ ಬಿದ್ದು ಹೋಯಿತು, ಹೈಡ್ಸ್ ಟವರ್‌ನ ನೀರಿಗೆ ಬಿದ್ದು ಹೋಯಿತು. ಸಂಬಳ ತಂದು ಬಸ್ಸಿನಲ್ಲಿ ಜೇಬುಗಳ್ಳನಿಗೆ ಕೊಟ್ಟು ಬಂದವನ ಮನೆಗೆ ಬಂದು, ನಿನಗೆ ಸಂಬಳ ಬಂದಿತ್ತಲ್ಲ, ನೀನೂ ಸಾಹುಕಾರನೇ, ತೆರಿಗೆ ಕಟ್ಟು ಅಂದ ಹಾಗೆ. ನಮ್ಮ ಭಾಷೆಯಲ್ಲಿ ಅದರ ಹೆಸರು ಸರಿಯಾಗಿಯೇ ಇದೆ. ಸೋಲ್ ಮೆಮೊರಿ. ಸೋಲಿನ ನೆನಪು. ನಾನು ಎಷ್ಟು ಸಲ ಸೋತೆನೋ ಅಷ್ಟನ್ನೂ ಅದು ನೆನಪಿಟ್ಟುಕೊಂಡಿದೆ. ನೆನಪಿಟ್ಟು ಪ್ರತಿ ಸೋಲಿಗೂ ಇನ್ನೊಬ್ಬ ಗಟ್ಟಿ ಆಳನ್ನು ಕಳಿಸುತ್ತಿದೆ.

ಇದನ್ನು ಯಾಕೆ ತಂದರು ಅಂತ ಗೊತ್ತಿದೆ, ಯಾರೂ ಬಂದು ಪಾಠ ಹೇಳಬೇಡಿ. 2011ರ ಮೊದಲನೇ ಆಟದಲ್ಲಿ ಲೆವೆಲ್ ನೋಡಿ ಜೋಡಿ ಮಾಡುತ್ತಿದ್ದರು. ಕೆಲವರು ಲೆವೆಲ್ ಏರಿಸದೆ ಕೊನೆಯವರೆಗೆ ಹೋಗಿ, ದೊಡ್ಡ ದೊಡ್ಡ ಆಯುಧ ತಂದು, ಶುರುವಿನಲ್ಲೇ ಬರುವ ಅಂಡೆಡ್ ಬರ್ಗ್ ಅನ್ನೋ ಜಾಗದಲ್ಲಿ ಆಗತಾನೇ ಆಟ ಶುರು ಮಾಡಿದವರನ್ನು ಕೊಲ್ಲುತ್ತಾ ಕೂತಿದ್ದರು. ಅದನ್ನು ತಡೆಯಬೇಕಿತ್ತು. ಒಪ್ಪುತ್ತೇನೆ. ಹೊಸಬರನ್ನು ಕಾಯಲು ಅಂತ ಕಟ್ಟಿದ ಬೇಲಿ ಇದು. ಸರಿ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ?

ಅದಕ್ಕೆ ಅವರೇ ಒಂದು ಮದ್ದು ಕೊಟ್ಟರು. ಅಗಾಪೆ ರಿಂಗ್. ಆಟ ಬಂದದ್ದು 2014ರ ಮಾರ್ಚ್‌ನಲ್ಲಿ, ಉಂಗುರ ಬಂದದ್ದು 2015ರಲ್ಲಿ. ಅದನ್ನು ಹಾಕಿಕೊಂಡರೆ ಬಂದ ಸೋಲ್ಸ್ ಎಲ್ಲ ಉಂಗುರವೇ ನುಂಗುತ್ತದೆ, ಮೆಮೊರಿ ಏರುವುದಿಲ್ಲ. ಕೇಳಲು ಚೆನ್ನಾಗಿದೆ. ಈಗ ಯೋಚನೆ ಮಾಡಿ. ಅದು ಯಾರಿಗೆ ಉಪಯೋಗ? ಇನ್ನೂ ಲೆವೆಲ್ ಏರಿಸಬೇಕಾದ ನನಗಾ? ನನಗೆ ಸೋಲ್ಸ್ ಬೇಕು, ನಾನು ಹಾಕಿಕೊಳ್ಳುವ ಹಾಗಿಲ್ಲ. ಎಲ್ಲ ಮುಗಿಸಿ, ಬೇಕಾದ್ದೆಲ್ಲ ಕಟ್ಟಿಕೊಂಡು, ಇನ್ನು ಸೋಲ್ಸ್ ಬೇಡ ಅನ್ನುವವನಿಗೆ ಅದು ಉಪಯೋಗ. ಅವನು ಹಾಕಿಕೊಂಡು ತನಗೆ ಇಷ್ಟವಾದ ಜಾಗದಲ್ಲೇ ವರ್ಷಗಟ್ಟಲೆ ಕೂರಬಹುದು. ಎಷ್ಟು ಜನರನ್ನು ಕೊಂದರೂ ಮೇಲೆ ಹೋಗುವುದಿಲ್ಲ. ನಾನು ಸತ್ತಷ್ಟೂ, ಮತ್ತೆ ಗಳಿಸಿದಷ್ಟೂ ಮೇಲೆ ಹೋಗುತ್ತೇನೆ. ಇವತ್ತಿನವನು ಆ ಉಂಗುರ ಹಾಕಿದ್ದ ಅಂತ ನನಗೆ ಕಾಣಲಿಲ್ಲ. ಆದರೂ ಹಾಕಿದ್ದ. ನನಗೆ ಗೊತ್ತು.

ಮಂಗಳೂರಿನ ಗೆಳೆಯನಿಗೆ ಆಗಲೇ ಮೆಸೇಜ್ ಹಾಕಿದೆ. ಅವನ ಉತ್ತರ ಒಂದೇ ಸಾಲು. "ಹಳೇದು ತಗೊ ಅಂತ ಹೇಳಿರ್ಲಿಲ್ವಾ."

ಹಳೆಯದು ಅಂದರೆ 2014ರದ್ದು. ಅವನು ಅದನ್ನು ಆಡುತ್ತಾನೆ. ನಾನು 2015ರ ಸ್ಕಾಲರ್. ಹೆಸರು ಒಂದೇ, ಕಥೆ ಒಂದೇ, ಆದರೆ ಪಿಸಿಯಲ್ಲಿ ಅವೆರಡೂ ಬೇರೆ ಬೇರೆ ಆಟ. ಚಿತ್ರ ಮೂಡಿಸುವ ತಂತ್ರವೂ ಬೇರೆ, ಅವನದ್ದು ಡೈರೆಕ್ಟ್‌ಎಕ್ಸ್ 9, ನನ್ನದು ಡೈರೆಕ್ಟ್‌ಎಕ್ಸ್ 11. ನಾನು ಅವನನ್ನು ಸಹಾಯಕ್ಕೆ ಕರೆಯಲು ಆಗುವುದಿಲ್ಲ. ಇಬ್ಬರದ್ದೂ ಒಂದೇ ಆಟವಾಗಿದ್ದರೂ ಈ ಸೋಲ್ ಮೆಮೊರಿ ದೂರ ಇದ್ದರೆ ಆಗುತ್ತಿರಲಿಲ್ಲ. ಒಂದೇ ದೇವರ ಹೆಸರಿನ ಉಂಗುರ ಹಾಕಿಕೊಂಡರೆ ಸ್ವಲ್ಪ ಸಡಿಲ ಮಾಡುತ್ತಾರೆ, ಅಷ್ಟೇ. ಸ್ನೇಹಿತರು ಜೊತೆಗೆ ಆಡಲು ಇಷ್ಟು ಕಷ್ಟ. ಅಪರಿಚಿತ ಬಂದು ಬೆನ್ನಿಗೆ ಚುಚ್ಚಲು ಕಷ್ಟವೇ ಇಲ್ಲ.

ಅವನ ಪ್ರಕಾರ ಹಳೆಯದರಲ್ಲಿ ಶತ್ರುಗಳನ್ನು ಇಟ್ಟ ರೀತಿ ನ್ಯಾಯವಾಗಿದೆ. ಹೈಡ್ಸ್ ಟವರ್‌ನಲ್ಲಿ ಡ್ರ್ಯಾಗನ್ ದಾರಿ ಕಾಯುವುದಿಲ್ಲ. ಐರನ್ ಕೀಪ್‌ನಲ್ಲಿ ಇಷ್ಟು ಜಾತ್ರೆ ಇಲ್ಲ. ಆದರೆ ಹಳೆಯದರಲ್ಲಿ ಒಂದು ಲೋಕದಲ್ಲಿ ಒಟ್ಟಿಗೆ ನಾಲ್ಕೇ ಜನ ಆಡಬಹುದು, ಸ್ಕಾಲರ್‌ನಲ್ಲಿ ಆರು. ಹಳೆಯದರಲ್ಲಿ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಆಡಿದರೆ ಕತ್ತಿ ಎರಡು ಪಟ್ಟು ಬೇಗ ಸವೆಯುತ್ತಿತ್ತು. ಅದನ್ನು ಸರಿ ಮಾಡಲು ಒಂದು ವರ್ಷ ಹಿಡಿಯಿತು. ಅದು ಬಿಡಿ. ನನ್ನ ಪ್ರಶ್ನೆ ಬೇರೆ. ಸ್ಕಾಲರ್ ತರುವಾಗ ಡ್ರ್ಯಾಗನ್ ತಂದು ಕೂರಿಸಲು ಸಮಯ ಇತ್ತು. ನೈಟ್‌ಗಳನ್ನು ಅಲ್ಲಿಂದ ಇಲ್ಲಿಗೆ ಎತ್ತಿಡಲು ಸಮಯ ಇತ್ತು. ಬೆಳಕು ಬದಲಾಯಿಸಲು ಸಮಯ ಇತ್ತು. ಈ ಒಂದು ಲೆಕ್ಕವನ್ನು ಯಾಕೆ ಮುಟ್ಟಲಿಲ್ಲ? ಸತ್ತಾಗ ಕಳೆದುಹೋದ ಸೋಲ್ಸ್ ಅನ್ನು ಕಳೆಯಲು ಒಂದು ಕಳೆಯುವ ಚಿಹ್ನೆ ಸಾಕಲ್ವಾ? 2016ರಲ್ಲಿ ಮೂರನೇ ಆಟ ಬಂತು, ಅದರಲ್ಲಿ ಸೋಲ್ ಮೆಮೊರಿ ಇಲ್ಲ. ಲೆವೆಲ್ ನೋಡುತ್ತಾರೆ, ಆಯುಧ ಎಷ್ಟು ಬಲವಾಗಿದೆ ನೋಡುತ್ತಾರೆ. 2018ರಲ್ಲಿ ಮೊದಲನೆಯದನ್ನು ಹೊಸದಾಗಿ ತಂದಾಗ ಅದಕ್ಕೂ ಆಯುಧದ ಲೆಕ್ಕ ಹಾಕಿದರು. ಅಂದರೆ ಗೊತ್ತಾಗಿದೆ. ತಪ್ಪು ಅಂತ ಗೊತ್ತಾಗಿದೆ. ಮುಂದಿನದನ್ನು ಸರಿ ಮಾಡಿದರು, ಹಿಂದಿನದನ್ನೂ ಸರಿ ಮಾಡಿದರು, ನಡುವಿನ ನಮ್ಮನ್ನು ಮಾತ್ರ ಹಾಗೇ ಬಿಟ್ಟರು. ಯಾರಾದರೂ ಉತ್ತರ ಕೊಡಿ. ಮಾಡಿದವರು ಬೇಡ, ಆಡುವವರಾದರೂ ಕೊಡಿ. "ಕಲಿ" ಅಂತ ಮಾತ್ರ ಬರೆಯಬೇಡಿ.

ಸತ್ತರೂ ಸೋಲ್ಸ್ ಉಳಿಸುವ ರಿಂಗ್ ಆಫ್ ಲೈಫ್ ಪ್ರೊಟೆಕ್ಷನ್ ಅನ್ನೋ ಉಂಗುರ ಹಾಕಿಕೊಳ್ಳಬೇಕಿತ್ತು ಅಂತೀರಿ. ಹಾಕಿದ್ದೆ. ಒಂದು ಸಲ ಸತ್ತರೆ ಅದು ಒಡೆಯುತ್ತದೆ, ರಿಪೇರಿಗೆ 3,000 ಸೋಲ್ಸ್. ನನ್ನದು ಇದಕ್ಕೂ ಹಿಂದಿನ ಸಾವಿನಲ್ಲೇ ಒಡೆದಿತ್ತು. ಉರುಳಿ ತಪ್ಪಿಸಿಕೊಳ್ಳಲು ಬೇಕಾದ ಅಡಾಪ್ಟಬಿಲಿಟಿ ಅನ್ನೋ ಅಂಶ ಏರಿಸಿಲ್ಲ, ಅದಕ್ಕೇ ಉರುಳುವಾಗ ಪೆಟ್ಟು ಬೀಳುತ್ತದೆ ಅಂತೀರಿ. ಏರಿಸಲು ಸೋಲ್ಸ್ ಬೇಕಲ್ಲಪ್ಪ! ಅದೇ ಹೋಗುತ್ತಿದೆಯಲ್ಲ!

ಅವನದ್ದೇನೂ ತಪ್ಪಿಲ್ಲ, ನಿಜ ಹೇಳಬೇಕೆಂದರೆ. ಅವನು ಆಟ ಕಲಿತಿದ್ದಾನೆ. ವರ್ಷಗಟ್ಟಲೆ ಕೂತು ಕಲಿತಿರಬೇಕು. 2022ರ ಜನವರಿಯಲ್ಲಿ ಪಿಸಿ ಸರ್ವರ್‌ಗಳನ್ನೇ ಮುಚ್ಚಿದ್ದರು, ಹೊರಗಿನವರು ನಮ್ಮ ಕಂಪ್ಯೂಟರ್ ಒಳಗೆ ಕೈ ಹಾಕಬಹುದಾದ ತೂತು ಇತ್ತು ಅಂತ. ಸ್ಕಾಲರ್‌ಗೆ ಮತ್ತೆ ಜೀವ ಬಂದದ್ದು ಅಕ್ಟೋಬರ್‌ನಲ್ಲಿ. ಅಷ್ಟು ತಿಂಗಳು ಒಬ್ಬರೂ ನುಗ್ಗಲಿಲ್ಲ, ನಾನು ಎಷ್ಟು ಬೇಜಾರು ಮಾಡಿಕೊಂಡಿದ್ದೆ! ಖಾಲಿ ಮನೆಯ ಹಾಗೆ ಇತ್ತು ಆಟ. ಯಾರಾದರೂ ಬರಲಿ ಅಂತ ಕಾದವನು ನಾನೇ. ಈಗ ಬಂದವನ ಮೇಲೆ ಸಿಟ್ಟು ಮಾಡಿದರೆ ಹೇಗೆ.

ಆದರೆ ಆ ಲೈಫ್‌ಜೆಮ್ ಯಾಕೆ ಹಾಕಬೇಕಿತ್ತು? ಮೊದಲನೇ ಪ್ಯಾರಿಗೇ ಚುಚ್ಚಿದ್ದರೆ ಮುಗಿಯುತ್ತಿತ್ತು. ಗೆದ್ದವನು ಗೆದ್ದು ಹೋಗಬೇಕು. ಹುಡುಗನ ಮುಂದೆ ಕೈ ಚಾಚುವ ಹಾಗೆ ಮಾಡಬಾರದಿತ್ತು. ಅವನಿಗೆ ಹುಡುಗ ಕಾಣುವುದಿಲ್ಲ, ಗೊತ್ತು. ಆದರೂ.

ಆಮೇಲೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಸತ್ತ ಜಾಗದಲ್ಲೇ ಸೋಲ್ಸ್ ಬಿದ್ದಿರುತ್ತವೆ, ಎತ್ತಿಕೊಳ್ಳುವ ಮೊದಲು ಮತ್ತೆ ಸತ್ತರೆ ಪೂರ್ತಿ ಹೋದಂತೆ. ಆ ಜಾಗಕ್ಕೆ ಓಡಿದೆ. ಅಲ್ಲಿ ತಲುಪಲು ಹತ್ತು ಹೆಜ್ಜೆ ಇತ್ತು. ಉಳಿದಿದ್ದ ಒಬ್ಬನೇ ಒಬ್ಬ ನೈಟ್ ಪಕ್ಕದಿಂದ ಬಂದ. 1,34,000 ಅಲ್ಲಿಗೆ ಮುಗಿಯಿತು. ಸೋಲ್ ಮೆಮೊರಿ ನೋಡಿದೆ. ಒಂದು ಅಂಕಿಯೂ ಕಡಿಮೆ ಆಗಿರಲಿಲ್ಲ.

ಅಳಿಸಿ ಹಾಕುತ್ತೇನೆ ಅಂತ ಅನ್‌ಇನ್‌ಸ್ಟಾಲ್ ಒತ್ತಿದೆ. ನಿಜವಾಗಿಯೂ ಬೇಕಾ ಅಂತ ಕೇಳಿತು. ಹುಡುಗ ಹಿಂದಿನಿಂದ "ಮಾಮ, ನಾಳೆ ಅವ್ನು ಮತ್ತೆ ಬಂದ್ರೆ?" ಅಂದ. ಬೇಡ ಅಂತ ಒತ್ತಿದೆ.

ಅವನು ಮಲಗಿದ ಮೇಲೆ ಚೀಲ ತೆರೆದು ನೋಡಿದೆ. ನಾನು ಒತ್ತಿದ್ದೆ, ಬಳಕೆ ಆಗುವಷ್ಟರಲ್ಲಿ ಸತ್ತಿದ್ದೆ. ಅವನು ಕೊಟ್ಟ ಲೈಫ್‌ಜೆಮ್ ಹಾಗೇ ಇದೆ. ಎಷ್ಟು ರಕ್ತ ಹೋದರೂ ಅದನ್ನು ನಾನು ಬಳಸುವುದಿಲ್ಲ.