ಫೀಸಿಗೊಂದು ವಿಳಾಸ, ತೆರಿಗೆಗೊಂದು ವಿಳಾಸ

ಅಮೆರಿಕದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಆಯಾ ರಾಜ್ಯದ ಮಕ್ಕಳಿಗೆ ಒಂದು ಫೀಸು, ಹೊರರಾಜ್ಯದವರಿಗೆ ಇನ್ನೊಂದು. ಕಡಿಮೆ ಫೀಸೂ ರಾಜ್ಯದ ನೆರವೂ ಬೇಕಾದರೆ, ಸಾಮಾನ್ಯವಾಗಿ ಒಂದು ವರ್ಷದಿಂದ ಅಲ್ಲೇ ನೆಲೆಸಿದ್ದೇವೆ ಎಂದು ಕಾಗದ ತೋರಿಸಬೇಕು. ಹೀಗೆ ಕೇಳುವುದು ಸರಿಯೇ?

ಪರ

ಸರಿಯೇ. ದುಡ್ಡು ಯಾರದು ಅಂತ ಮೊದಲು ನೋಡೋಣ. ಕಡಿಮೆ ಫೀಸಿನ ಹಿಂದೆ ಇರುವುದು ಆ ರಾಜ್ಯದವರು ಕಟ್ಟಿದ ತೆರಿಗೆ.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆದಾಯ ತೆರಿಗೆ ಜಾಸ್ತಿ ಸಂಪಾದಿಸುವವರಿಗೆ ಶೇ 13.3ರವರೆಗೆ ಹೋಗುತ್ತದೆ. ಪಕ್ಕದ ನೆವಾಡಾದಲ್ಲಿ ಸೊನ್ನೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ 2024-25ಕ್ಕೆ ಹೊರಗಿನ ವಿದ್ಯಾರ್ಥಿ ಮಾಮೂಲಿ ಫೀಸಿನ ಮೇಲೆ ಇನ್ನೂ 34,200 ಡಾಲರ್ ಕಟ್ಟಬೇಕಿತ್ತು. ಈ ಎರಡು ಲೆಕ್ಕ ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಷೇರು ಮಾರಿ ಲಾಭ ಬಂದ ವರ್ಷ ನಾನು ನೆವಾಡಾದವನು, ಮಗಳಿಗೆ ಸೀಟು ಸಿಕ್ಕ ವರ್ಷ ಕ್ಯಾಲಿಫೋರ್ನಿಯಾದವನು! ಪುರಾವೆ ಕೇಳದಿದ್ದರೆ ಸೋದರಮಾವನ ಮನೆ ವಿಳಾಸ ಕೊಡುವವರ ಸಾಲು ಕಾಲೇಜಿನ ಗೇಟು ದಾಟುತ್ತದೆ.

ಕೇಳುವ ಕಾಗದವಾದರೂ ಏನು? ಡ್ರೈವಿಂಗ್ ಲೈಸೆನ್ಸ್, ಗಾಡಿ ರಿಜಿಸ್ಟ್ರೇಷನ್, ಬಾಡಿಗೆ ಕರಾರು, ತೆರಿಗೆ ರಿಟರ್ನ್. ನಿಜವಾಗಿ ಅಲ್ಲಿ ವಾಸ ಇರುವವರ ಡ್ರಾಯರಿನಲ್ಲಿ ಇವೆಲ್ಲ ಸುಮ್ನೆ ಬಿದ್ದಿರುತ್ತವೆ. ಸುಳ್ಳು ಸಿಕ್ಕಿಬೀಳುವುದು ಹೆಚ್ಚಾಗಿ ರಿಟರ್ನಿನಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಗಳು ತುಂಬುವುದು 540 ಫಾರ್ಮು. ಹೊರಗಿನವರು ಮತ್ತು ವರ್ಷದಲ್ಲಿ ಸ್ವಲ್ಪ ಕಾಲ ಮಾತ್ರ ಇದ್ದವರು ತುಂಬುವುದು 540ಎನ್‌ಆರ್. ತೆರಿಗೆ ಇಲಾಖೆಗೆ ಒಂದು ಕಥೆ, ಕಾಲೇಜಿಗೆ ಇನ್ನೊಂದು ಕಥೆ ಹೇಳಲು ಹೋದವನ ಕೈಗೆ ಅವನದೇ ಸಹಿ ಇರುವ ಕಾಗದ ಬರುತ್ತದೆ.

ಕೋರ್ಟೂ ಇದನ್ನು ಒಪ್ಪಿದೆ. ಮಿನೆಸೋಟಾದ ಒಂದು ವರ್ಷದ ನಿಯಮವನ್ನು ಸುಪ್ರೀಂ ಕೋರ್ಟ್ 1971ರಲ್ಲಿ ಎತ್ತಿಹಿಡಿಯಿತು. 1973ರಲ್ಲಿ ಕನೆಕ್ಟಿಕಟ್‌ನ ನಿಯಮವನ್ನು ಹೊಡೆದುಹಾಕಿತು, ನಿಜ. ಆದರೆ ಅಲ್ಲಿನ ತಪ್ಪು ಬೇರೆ. ಸೇರುವಾಗ ಹೊರಗಿನವನಾಗಿದ್ದರೆ ಓದು ಮುಗಿಯುವ ತನಕ ಹೊರಗಿನವನೇ ಎಂದು ಆ ರಾಜ್ಯ ಬಾಗಿಲು ಹಾಕಿತ್ತು. ಸಾಬೀತು ಮಾಡಲು ಅವಕಾಶ ಕೊಡಿ ಎಂದಿತು ಕೋರ್ಟು, ಸಾಬೀತೇ ಬೇಡ ಎನ್ನಲಿಲ್ಲ.

ಸಿಇಟಿಗೆಂದು ಏಳು ವರ್ಷ ಕರ್ನಾಟಕದಲ್ಲಿ ಓದಿದ ಸರ್ಟಿಫಿಕೇಟು ಹೊಂದಿಸಿ, ಬಿಇಒ ಮೇಲುರುಜಿಗೆ ಕಾದು ನಿಂತ ನಮಗೆ ಒಂದು ವರ್ಷ ಯಾವ ಲೆಕ್ಕ?

ವಿರೋಧ

ಸೋದರಮಾವನ ಮನೆ ಕಥೆ ಚೆನ್ನಾಗಿದೆ. ಆದರೆ ಈ ನಿಯಮಕ್ಕೆ ಸಿಕ್ಕಿಕೊಳ್ಳುವವರು ಸುಳ್ಳು ಹೇಳುವವರಷ್ಟೇ ಅಲ್ಲ.

ಒಂದು ಕುಟುಂಬ ಅಕ್ಟೋಬರಿನಲ್ಲಿ ಕೆಲಸಕ್ಕೆಂದು ಟೆಕ್ಸಾಸಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂತು ಅಂತಿಟ್ಟುಕೊಳ್ಳಿ. ಟೆಕ್ಸಾಸಿನಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆ ಇರಲಿಲ್ಲ. ಇಲ್ಲಿ ಮೊದಲ ಪೇ ಸ್ಲಿಪ್ಪಿನಲ್ಲೇ ರಾಜ್ಯದ ತೆರಿಗೆ ಒಂದು ಸಾಲು, ಎಸ್‌ಡಿಐ ಎಂಬ ರಾಜ್ಯದ ಅನಾರೋಗ್ಯ ವಿಮೆ ಇನ್ನೊಂದು ಸಾಲು, ಎರಡೂ ಕಡಿತ. ಮುಂದಿನ ಆಗಸ್ಟಿಗೆ ಮಗನ ಕ್ಲಾಸು ಶುರು. ವಾಸಕ್ಕೆ 366 ದಿನ ಆಗಬೇಕು, ಎರಡು ತಿಂಗಳು ಕಮ್ಮಿ. 2024-25ರ ಲೆಕ್ಕದಲ್ಲೇ ಒಂದೇ ಸೆಮಿಸ್ಟರಿಗೆ 17,100 ಡಾಲರ್ ಜಾಸ್ತಿ. ತೆರಿಗೆಗೆ ಮೊದಲ ದಿನದಿಂದಲೇ ನೀವು ನಮ್ಮವರು, ಫೀಸಿಗೆ ಮಾತ್ರ ವರ್ಷ ಕಾಯಿರಿ. ಎರಡು ಕಥೆ ಹೇಳುತ್ತಿರುವವರು ಯಾರು ಈಗ?

ಅಪ್ಪ-ಅಮ್ಮ ಬೇರೆ ರಾಜ್ಯದಲ್ಲಿದ್ದರೆ ಇನ್ನೂ ಕಷ್ಟ. 24 ತುಂಬದ ಹುಡುಗ ತನ್ನ ಖರ್ಚನ್ನು ತಾನೇ ನಿಭಾಯಿಸುತ್ತಿದ್ದೇನೆ ಎಂದು ತೋರಿಸಬೇಕು. ಹೊರಗಿನವರ ಫೀಸು ಕಟ್ಟುತ್ತಾ ಅದನ್ನು ಯಾವ ಪಾರ್ಟ್‌ಟೈಮ್ ಕೆಲಸದಲ್ಲಿ ತೋರಿಸುವುದು?

ಬೇರೆಯಾದ ಅಪ್ಪ-ಅಮ್ಮನ ಮಗುವಿನ ಕಥೆ ಕೇಳಿ. ಕೇಂದ್ರದ ನೆರವಿನ ಅರ್ಜಿ ಎಫ್‌ಎಎಫ್‌ಎಸ್‌ಎ. ಅದು 2024-25ರಿಂದ ಕೇಳುವುದು ಕಳೆದ 12 ತಿಂಗಳಲ್ಲಿ ಯಾರು ಜಾಸ್ತಿ ದುಡ್ಡು ಕೊಟ್ಟರು ಅಂತ. ತೆರಿಗೆ ಇಲಾಖೆ ಎಣಿಸುವುದು ಮಗು ಯಾರ ಮನೆಯಲ್ಲಿ ಜಾಸ್ತಿ ರಾತ್ರಿ ಮಲಗಿತು ಅಂತ. ರಾಜ್ಯದ ಫೀಸಿಗೆ ಮತ್ತೊಂದು ಅಳತೆ. ದುಡ್ಡು ಕೊಡುವ ಅಪ್ಪ ಒರೆಗಾನ್‌ನಲ್ಲಿ, ಮಲಗುವುದು ಅಮ್ಮನ ಮನೆ ಕ್ಯಾಲಿಫೋರ್ನಿಯಾದಲ್ಲಿ ಅಂದರೆ, ಒಂದೇ ಮಗುವಿಗೆ ಫಾರ್ಮಿಗೊಂದು ಮನೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ನಮ್ಮ ಕನ್ನಡದ ಮನೆಗಳಿಗೆ ಜಾಸ್ತಿ ತಟ್ಟುವುದು ವೀಸಾ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ಅಪ್ಪ-ಅಮ್ಮನ ಮಕ್ಕಳಿಗೆ ಸಿಗುವುದು ಎಚ್-4, ಅಂದರೆ ಅವಲಂಬಿತರ ವೀಸಾ. ಎಷ್ಟೋ ರಾಜ್ಯಗಳು ಅವರಿಗೆ ಒಳಗಿನವರ ಫೀಸು ಕೊಡುತ್ತವೆ, ಆ ಮಾತು ಒಪ್ಪಲೇಬೇಕು. ಕೇಂದ್ರದ ನೆರವು ಮಾತ್ರ ಇಲ್ಲವೇ ಇಲ್ಲ. 21 ತುಂಬಿತೋ ಎಚ್-4 ಮುಗಿಯಿತು. ಗ್ರೀನ್ ಕಾರ್ಡ್ ಸಾಲು ಹತ್ತಿರ ಬಂದಿಲ್ಲದಿದ್ದರೆ ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಎಫ್-1 ಎಂದರೆ ಓದು ಮುಗಿಸಿ ವಾಪಸು ಹೋಗುವವರು ಎಂದು ಲೆಕ್ಕ, ಹಾಗಾಗಿ ಹಲವು ರಾಜ್ಯಗಳಲ್ಲಿ ಅವರು ಹೊರಗಿನವರೇ. ಅಪ್ಪ-ಅಮ್ಮ ಅದೇ ಮನೆಯಲ್ಲಿದ್ದಾರೆ, ಅದೇ ತೆರಿಗೆ ಕಟ್ಟುತ್ತಿದ್ದಾರೆ. ಬದಲಾದದ್ದು ಹುಟ್ಟುಹಬ್ಬದ ತಾರೀಖು ಒಂದೇ.

ಎಫ್-1ಗೆ ಬೇಕಾದ, ಕಾಲೇಜು ಕೊಡುವ ಐ-20 ಕಾಗದಕ್ಕೆ ವಿದೇಶದ ವಿಳಾಸ ಕೊಡಬೇಕು. ಮೂರು ವರ್ಷದವಳಿದ್ದಾಗ ಶಾರ್ಲಟ್‌ಗೆ ಬಂದು ಅಲ್ಲೇ ಬೆಳೆದ ಹುಡುಗಿ ಏನು ಬರೆಯಬೇಕು? ಎರಡು ಬೇಸಿಗೆ ರಜೆ ಕಳೆದ ಮೈಸೂರಿನ ಅಜ್ಜಿ ಮನೆ. ಪಿನ್ ಕೋಡಿಗೆ ಅಮ್ಮನನ್ನೇ ಕೇಳಬೇಕು.